ಆರೋಗ್ಯ ಸಚಿವರಿಗೆ ರಾತ್ರಿ ಎರಡು ಗಂಟೆಗೆ ಬರೆದ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ಈಗ ರಾತ್ರಿ 2 ಗಂಟೆ 10 ನಿಮಿಷ. ಅಮ್ಮ ಎದ್ದು ಕೂತಿದ್ದಾರೆ. ಹೊದಿಕೆ ಮಡಿಸುತ್ತಾರೆ, ಬಿಡಿಸುತ್ತಾರೆ, ಮತ್ತೆ ಮಡಿಸುತ್ತಾರೆ. ಅಂಚಿಗೆ ಅಂಚು ಸರಿಯಾಗಿ ಕೂರಬೇಕು, ಅದನ್ನು ಮಾತ್ರ ಮರೆತಿಲ್ಲ. "ಹೊತ್ತಾಯ್ತು, ಮನೆಗೆ ಹೋಗೋಣ ನಡಿ" ಅನ್ನುತ್ತಾರೆ. ಇರುವುದು ಮನೆಯಲ್ಲೇ. ಬಾಗಿಲಿಗೊಂದು ಸಣ್ಣ ಗಂಟೆ ಕಟ್ಟಿದ್ದೇನೆ. ಅದು ಕಿಣಿ ಅಂದರೆ ಸಾಕು, ಎದ್ದು ಓಡಬೇಕು. ನಾಲ್ಕು ವರ್ಷದಿಂದ ಹೀಗೇ.

ಅಮ್ಮನಿಗೆ ಡಿಮೆನ್ಷಿಯಾ. ಜನ ಸುಲಭವಾಗಿ ಅರುಳು ಮರುಳು ಅಂದುಬಿಡುತ್ತಾರೆ. ಮರೆವಿನ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ, ನಿದ್ದೆಯ ಬಗ್ಗೆ ಯಾರೂ ಕೇಳುವುದಿಲ್ಲ. ಇಲ್ಲ, ತಪ್ಪು ಹೇಳಿದೆ. ಒಬ್ಬ ಡಾಕ್ಟರ್ ಕೇಳಿದ್ದರು, ಆದರೆ ಅಮ್ಮನನ್ನು! "ಚೆನ್ನಾಗಿ ಬರುತ್ತೆ" ಅಂದರು ಅಮ್ಮ. ರಾತ್ರಿ ನಡೆದದ್ದು ಬೆಳಗ್ಗೆ ನೆನಪಿದ್ದರೆ ತಾನೇ? ಡಾಕ್ಟರ್ ಹಾಗೇ ಬರೆದುಕೊಂಡರು. ಪಕ್ಕದಲ್ಲಿ ಕೂತು ತೂಕಡಿಸುತ್ತಿದ್ದ ನನ್ನನ್ನು ಕೇಳಲಿಲ್ಲ.

ಇನ್ನೊಂದು ಕಡೆ ನಿದ್ದೆ ಮಾತ್ರೆ ಬರೆದುಕೊಟ್ಟರು. ಮೂರನೇ ರಾತ್ರಿ ಬಚ್ಚಲಿಗೆ ಹೋಗುವಾಗ ಅಮ್ಮ ತೂರಾಡಿ ಬಿದ್ದರು. ಇಂಥ ಮಾತ್ರೆಯಿಂದ ವಯಸ್ಸಾದವರು ಬೀಳುವುದೂ ಜಾಸ್ತಿ, ಗಲಿಬಿಲಿಯೂ ಜಾಸ್ತಿ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ನಿದ್ದೆ ಬರಲಿ ಅಂತ ಸುಮ್ನೆ ಕೊಡುವ ಹಳೇ ಕಾಲದ ಅಲರ್ಜಿ ಮಾತ್ರೆಯದೂ ಅದೇ ಕಥೆ.

ನಮಗೆ ದಾರಿ ತೋರಿಸಿದ್ದು ಪರಿಚಯದ ಒಬ್ಬ ನರ್ಸ್. ಅವರು ಮೊದಲು ಕೇಳಿದ್ದು, "ಎದ್ದ ಕೂಡಲೇ ಅಮ್ಮ ಏನು ಮಾಡುತ್ತಾರೆ?" ಯೋಚಿಸಿ ನೋಡಿದರೆ, ಮೊಣಕಾಲು ಉಜ್ಜಿಕೊಳ್ಳುತ್ತಿದ್ದರು. ನೋವು ಅಂತ ಬಾಯಿ ಬಿಟ್ಟು ಹೇಳಲು ಅವರಿಗೆ ಬರುತ್ತಿರಲಿಲ್ಲ, ಅಷ್ಟೇ. ನೋವಿಗೆ ಚಿಕಿತ್ಸೆ ಆಯಿತು. ನೆನಪಿಗೆಂದು ಕೊಡುವ ಡೊನೆಪೆಜಿಲ್ ರಾತ್ರಿ ತಗೊಂಡರೆ ಕೆಲವರಿಗೆ ನಿದ್ದೆ ಕೆಡುತ್ತದೆ, ವಿಚಿತ್ರ ಕನಸು ಬೀಳುತ್ತದೆ. ಡಾಕ್ಟರನ್ನು ಕೇಳಿ ಅದನ್ನು ಬೆಳಗ್ಗೆಗೆ ಬದಲಾಯಿಸಿದೆವು. ಹಗಲು ರಾತ್ರಿಯ ಲೆಕ್ಕ ಇಡುವ ಮೆದುಳಿನ ಭಾಗವೇ ಈ ಕಾಯಿಲೆಯಲ್ಲಿ ಸವೆಯುತ್ತದಂತೆ. ವಯಸ್ಸಾದಂತೆ ಕಣ್ಣೊಳಗೆ ಹೋಗುವ ಬೆಳಕೂ ಕಡಿಮೆ. ಹಾಗಾಗಿ ದಿನಾ ಬೆಳಗ್ಗೆ ಅಮ್ಮನನ್ನು ಬಯಲಿಗೆ ಕರೆದುಕೊಂಡು ಹೋಗುತ್ತೇನೆ, ಮಧ್ಯಾಹ್ನ ಜಾಸ್ತಿ ಹೊತ್ತು ಮಲಗಲು ಬಿಡುವುದಿಲ್ಲ. ಈಗ ಅರ್ಧಕ್ಕರ್ಧ ರಾತ್ರಿ ಇಬ್ಬರಿಗೂ ನಿದ್ದೆ ಸಿಗುತ್ತದೆ. ಇವತ್ತಿನದು ಉಳಿದರ್ಧದಲ್ಲಿ ಒಂದು.

ಇದು ನಮ್ಮ ಮನೆಯ ಅದೃಷ್ಟವಾಗಿ ಉಳಿಯಬೇಕಿಲ್ಲ. ಇಂಗ್ಲೆಂಡಿನಲ್ಲಿ ಡ್ರೀಮ್ಸ್ ಸ್ಟಾರ್ಟ್ ಅನ್ನುವ ಕಾರ್ಯಕ್ರಮವನ್ನು ಪರೀಕ್ಷಿಸಿ, 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋಡಿಕೊಳ್ಳುವವರ ಜೊತೆ ಆರು ಸಲ ಮಾತುಕತೆ, ಅಷ್ಟೇ. ಬೆಳಕು, ಓಡಾಟ, ದಿನಚರಿ, ನೋಡಿಕೊಳ್ಳುವವರ ಆಯಾಸ, ಎಲ್ಲವೂ ಅದರಲ್ಲಿ ಬರುತ್ತವೆ. ಕಲಿಸಿಕೊಟ್ಟವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಪದವೀಧರರು. ಎಂಟು ತಿಂಗಳ ಬಳಿಕ ನೋಡಿದಾಗ, ಮಾಮೂಲಿ ಚಿಕಿತ್ಸೆ ಮಾತ್ರ ಸಿಕ್ಕವರಿಗಿಂತ ಈ ಕಾರ್ಯಕ್ರಮದಲ್ಲಿದ್ದ ಡಿಮೆನ್ಷಿಯಾ ರೋಗಿಗಳ ನಿದ್ದೆ ಸುಧಾರಿಸಿತ್ತು.

ಆದ್ದರಿಂದ ನಮ್ಮ ಆರೋಗ್ಯ ಕಾರ್ಯಕರ್ತರಿಗೂ ಇಂಥ ತರಬೇತಿ ಕೊಡಿಸಿ. ಡಿಮೆನ್ಷಿಯಾ ಇರುವವರ ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಿ: ನೋಡಿಕೊಳ್ಳುವವರು ನಿನ್ನೆ ಎಷ್ಟು ಗಂಟೆ ಮಲಗಿದ್ದರು? ಮತ್ತೆ, ಹಗಲು ನೋಡಿಕೊಳ್ಳುವ ಕೇಂದ್ರಗಳನ್ನು ಉದ್ಘಾಟಿಸುತ್ತೀರಿ, ಸಂತೋಷ. ಆದರೆ ಸಂಜೆ ಅವು ಬೀಗ ಹಾಕುವ ಹೊತ್ತಿಗೇ ನಮ್ಮ ಕಷ್ಟ ಶುರುವಾಗುವುದು, ಅಲ್ವಾ? ವಾರಕ್ಕೊಂದು ರಾತ್ರಿ ಯಾರಾದರೂ ಅಮ್ಮನ ಪಕ್ಕ ಎಚ್ಚರವಿದ್ದರೆ ನಾನು ಮಲಗಬಹುದು.

ಈ ಬಗ್ಗೆ ನಿಮ್ಮ ಕಚೇರಿಯವರು ಮಾತಾಡಬೇಕೆಂದರೆ ಹೊತ್ತು ನೋಡುವುದು ಬೇಡ. ರಾತ್ರಿ ಎರಡಕ್ಕೂ ಫೋನ್ ಮಾಡಬಹುದು.

ಇಂತಿ,
ಅಮ್ಮನನ್ನು ನೋಡಿಕೊಳ್ಳುತ್ತಿರುವ ಒಬ್ಬ ಮಗಳು