ಮಾತ್ರೆಯೂ ಇರಲಿ, ದೀಪವೂ ಇರಲಿ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ದೇವರ ಮುಂದೆ ಎಷ್ಟು ಹೊತ್ತು ಕುಳಿತರೂ ಏನೂ ಅನ್ನಿಸುತ್ತಿಲ್ಲ, ಇಷ್ಟು ವರ್ಷ ನಂಬಿದವನೂ ಕೈಬಿಟ್ಟನೇನೋ ಎಂದು ಬರೆದಿದ್ದೀಯ. ಓದಿ ತುಂಬ ಸಂಕಟವಾಯಿತು. ಫೋನ್ ಮಾಡಬಹುದಿತ್ತು. ಆದರೆ ಬರೆದದ್ದಾದರೆ ನಿನಗೆ ಬೇಕೆನಿಸಿದಾಗ ಇನ್ನೊಮ್ಮೆ ಓದಿಕೊಳ್ಳಬಹುದು.

ಖಿನ್ನತೆ ಬಂದವರಿಗೆ ಯಾವುದೂ ರುಚಿಸುವುದಿಲ್ಲ. ಊಟ, ಕ್ರಿಕೆಟ್, ಮಗಳ ಮಾತು, ಎಲ್ಲವೂ ದೂರದಲ್ಲೆಲ್ಲೋ ನಡೆಯುತ್ತಿರುವಂತೆ ಕಾಣುತ್ತದೆ. ವೈದ್ಯರು ಈ ಕಾಯಿಲೆಯನ್ನು ಗುರುತಿಸುವ ಮುಖ್ಯ ಲಕ್ಷಣಗಳಲ್ಲಿ ಇದೂ ಒಂದು. ಮಗಳ ಮೇಲಿನ ಪ್ರೀತಿ ಹೋಯಿತೆಂದು ನೀನು ಎಂದೂ ಹೇಳುವುದಿಲ್ಲ. ಹಾಗಿರುವಾಗ ಭಕ್ತಿ ಹೋಯಿತೆಂದು ಮಾತ್ರ ಯಾಕೆ ತೀರ್ಮಾನಿಸಿಬಿಟ್ಟೆ? ಪೂಜೆ ಸಪ್ಪೆ ಎನಿಸುವುದು ಕಾಯಿಲೆಯಿಂದ. ನಿನ್ನ ದೇವರಿಗೆ ಇದು ಗೊತ್ತಿದೆ ಎಂದೇ ನಾನು ನಂಬಿದ್ದೇನೆ.

ನಸುಕಿನ ಮೂರೂವರೆಗೇ ಎಚ್ಚರವಾಗುತ್ತದೆ ಎಂದಾಗ ನಿಮ್ಮ ದೊಡ್ಡಪ್ಪ, ಅದು ಪುಣ್ಯ, ಬ್ರಾಹ್ಮೀ ಮುಹೂರ್ತದಲ್ಲಿ ಧ್ಯಾನಕ್ಕೆ ಕೂರು ಎಂದರಂತೆ. ಅವರ ಮನಸ್ಸು ದೊಡ್ಡದು, ನನಗೆ ಗೊತ್ತು. ಆದರೆ ಹೊತ್ತಿಗೆ ಮುಂಚೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದೂ ಖಿನ್ನತೆಯ ಲಕ್ಷಣವೇ. ವೈದ್ಯರಿಗೆ ತಪ್ಪದೆ ಹೇಳು. ಆ ಹೊತ್ತಿನಲ್ಲಿ ಒಬ್ಬನೇ ಕಣ್ಣು ಮುಚ್ಚಿ ಕುಳಿತರೆ ಹಳೆಯ ನೋವುಗಳೇ ಸಾಲುಗಟ್ಟಿ ಬರುತ್ತವೆ. 1990ರ ದಶಕದಲ್ಲಿ ಮನಶ್ಶಾಸ್ತ್ರಜ್ಞರು ಧ್ಯಾನವನ್ನು ಚಿಕಿತ್ಸೆಯೊಂದಿಗೆ ಸೇರಿಸಿ ಖಿನ್ನತೆಗೆಂದೇ 8 ವಾರಗಳ ಕ್ರಮವೊಂದನ್ನು ರೂಪಿಸಿದರು. ಅದನ್ನೂ ಮೊದಲು ಸಿದ್ಧಪಡಿಸಿದ್ದು ಚೇತರಿಸಿಕೊಂಡವರಿಗಾಗಿ, ಕಾಯಿಲೆ ಮರುಕಳಿಸದಿರಲಿ ಎಂದು. ಹಾಗಾಗಿ ಹತ್ತು ದಿನಗಳ ಮೌನ ಶಿಬಿರದ ಯೋಚನೆಯನ್ನು ಸದ್ಯಕ್ಕೆ ಮುಂದೂಡು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ವೈದ್ಯರನ್ನೇ ಕೇಳೋಣ.

ಪೂರ್ವಜನ್ಮದ ಕರ್ಮ ಎಂಬ ಮಾತನ್ನಂತೂ ಯಾರೇ ಹೇಳಲಿ, ಈಗ ಕಿವಿಗೆ ಹಾಕಿಕೊಳ್ಳಬೇಡ. ಎಲ್ಲವೂ ನಿನ್ನದೇ ತಪ್ಪು ಎಂದು ಖಿನ್ನತೆ ಮೊದಲೇ ಹಗಲಿರುಳು ದೂರುತ್ತಿರುತ್ತದೆ. ಅದಕ್ಕೆ ಇನ್ನೊಂದು ಸಾಕ್ಷಿ ಒದಗಿಸುವುದು ಬೇಡ.

ಹಾಗಾದರೆ ಅಧ್ಯಾತ್ಮದಿಂದ ಪ್ರಯೋಜನವೇ ಇಲ್ಲವೇ ಎಂದು ಕೇಳುತ್ತೀಯ. ನನಗೆ ಆಗಿದೆ. ನಾನು ಮಲಗಿದಲ್ಲೇ ಮಲಗಿರುತ್ತಿದ್ದ ಆ ವರ್ಷ ನನ್ನನ್ನು ಮನೆಯಿಂದ ಹೊರಗೆಳೆದದ್ದು ಆಂಜನೇಯನ ಗುಡಿಯ ಶನಿವಾರದ ಭಜನೆ. ಹಾಡಲು ದನಿಯೇ ಏಳುತ್ತಿರಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಏನೂ ಕೇಳದೆ ತಮ್ಮ ತಾಳಗಳನ್ನು ನನ್ನ ಕೈಗಿಟ್ಟರು. ಹಿತ್ತಾಳೆ ಬಿಸಿಯಾಗಿತ್ತು, ಬೆವರು ಹತ್ತಿ ಹತ್ತಿ ದಾರ ಕಪ್ಪಾಗಿತ್ತು. ಹಾಡಿನ ಅರ್ಥ ತಲೆಗೆ ಇಳಿಯಲಿಲ್ಲ, ಭಕ್ತಿಯೂ ಉಕ್ಕಲಿಲ್ಲ. ತಾಳ ತಪ್ಪದಂತೆ ನೋಡಿಕೊಳ್ಳುವುದಷ್ಟೇ ನನ್ನ ಪಾಲಿನ ಕೆಲಸ. ಅಷ್ಟು ಹೊತ್ತು ತಲೆಯೊಳಗಿನ ಗದ್ದಲ ಹಿಂದೆ ಸರಿಯುತ್ತಿತ್ತು. ಮಂಗಳಾರತಿಯಾದ ಮೇಲೆ ದೊನ್ನೆಯಲ್ಲಿ ಕೋಸಂಬರಿ, ಜೊತೆಗೆ “ಮುಂದಿನ ವಾರ ಬರುತ್ತೀಯಲ್ಲ?” ಎಂಬ ಒಂದು ಮಾತು. ಯಾಕೆ ಹೀಗಿದ್ದೀಯ, ಸ್ವಲ್ಪ ನಗಬಾರದೇ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಅದು ಎಷ್ಟು ದೊಡ್ಡ ಉಪಕಾರವೆಂದು ನಿನಗೆ ನಾನು ಬಿಡಿಸಿ ಹೇಳಬೇಕಿಲ್ಲ.

2000ನೇ ಇಸವಿಯಲ್ಲಿ ನಿಮ್ಹಾನ್ಸ್‌ನ ಸಂಶೋಧಕರು ತಮಿಳುನಾಡಿನ ಹಳ್ಳಿಯೊಂದರ ಗುಡಿಯಲ್ಲಿ ತಂಗಿದ್ದ 31 ಮಂದಿಯನ್ನು ಗಮನಿಸಿದ್ದರು. ಅವರದು ಖಿನ್ನತೆಗಿಂತ ಬೇರೆಯದಾದ, ತೀವ್ರ ಮಾನಸಿಕ ಕಾಯಿಲೆಗಳು. ಗುಣಪಡಿಸಲೆಂದು ಅಲ್ಲಿ ವಿಶೇಷ ಪೂಜೆಯೇನೂ ನಡೆಯುತ್ತಿರಲಿಲ್ಲ. ಮನೆಯವರು ಜೊತೆಗಿದ್ದರು, ಗುಡಿಯ ಸಣ್ಣಪುಟ್ಟ ಕೆಲಸಗಳಿದ್ದವು. ಕೆಲವು ವಾರಗಳಲ್ಲಿ ಕಾಯಿಲೆಯ ಲಕ್ಷಣಗಳು ಸರಾಸರಿ ಶೇಕಡಾ 20ರಷ್ಟು ತಗ್ಗಿದ್ದವು. ಭಜನೆಯ ಜಗಲಿ ನೆನಪಾದಾಗಲೆಲ್ಲ ನನಗೆ ಇದೂ ನೆನಪಾಗುತ್ತದೆ.

ಮನಸ್ಸು ಬರಲಿ ಎಂದು ಕಾಯದೆ ಸಣ್ಣ ಕೆಲಸವೊಂದನ್ನು ಹೊತ್ತಿಗೆ ಸರಿಯಾಗಿ ಮಾಡುವುದನ್ನು ಆಪ್ತಸಮಾಲೋಚಕರು ಚಿಕಿತ್ಸೆಯ ಭಾಗವಾಗಿಯೇ ಕಲಿಸುತ್ತಾರೆ. ನಿತ್ಯಪೂಜೆಯಲ್ಲಿ ಅದು ಮೊದಲಿನಿಂದಲೂ ಇದೆ. ಸ್ನಾನ ಮಾಡುವುದು, ಹಿತ್ತಲಿಗೆ ಹೋಗಿ ನಾಲ್ಕು ದಾಸವಾಳ ಕೊಯ್ಯುವುದು, ನಿನ್ನೆಯ ನಿರ್ಮಾಲ್ಯ ತೆಗೆಯುವುದು, ದೀಪಕ್ಕೆ ಎಣ್ಣೆ ಹಾಕುವುದು. ಇಷ್ಟೂ ಆಗದ ದಿನ ದೀಪವೊಂದನ್ನೇ ಹಚ್ಚು. ಅದೂ ಆಗದಿದ್ದರೆ ಅತ್ತಿಗೆ ಹಚ್ಚಲಿ, ನೀನು ಹತ್ತಿರ ಕುಳಿತಿರು. ಲೆಕ್ಕ ಇಡುವವರು ಯಾರೂ ಇಲ್ಲ.

ಮಾತ್ರೆ ಬಿಟ್ಟು ಜಪದ ಸಂಖ್ಯೆ ಹೆಚ್ಚಿಸುತ್ತೇನೆ ಎಂದಿದ್ದೀಯಲ್ಲ, ದಯವಿಟ್ಟು ಹಾಗೆ ಮಾಡಬೇಡ. ಖಿನ್ನತೆಯ ಮಾತ್ರೆಗಳ ಗುಣ ಚೆನ್ನಾಗಿ ಕಾಣಲು ಹಲವು ವಾರಗಳೇ ಬೇಕು. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು ಶುರುವಾಗಬಹುದು, ಕಾಯಿಲೆಯೂ ಮರಳಬಹುದು. ಮಾತ್ರೆ ಒಗ್ಗುತ್ತಿಲ್ಲವೆಂದರೆ ಅದನ್ನು ಬದಲಿಸಬೇಕಾದವರು ವೈದ್ಯರು. ಜಪವನ್ನು ಜಪವಾಗಿಯೇ ಮಾಡು, ಅದರ ಮೇಲೆ ಔಷಧದ ಹೊರೆ ಹೊರಿಸಬೇಡ.

ಬದುಕೇ ಬೇಡ ಎಂಬ ಯೋಚನೆ ಬಂದರೆ ಅದನ್ನು ಇಟ್ಟುಕೊಂಡು ದೇವರ ಕೋಣೆಯಲ್ಲಿ ಒಬ್ಬನೇ ಕೂರಬೇಡ. ಅತ್ತಿಗೆಯನ್ನು ಎಬ್ಬಿಸು, ಎಷ್ಟು ಹೊತ್ತಾಗಿದ್ದರೂ ನನಗೆ ಫೋನ್ ಮಾಡು. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಸಂಖ್ಯೆಯನ್ನು ಈಗಲೇ ಮೊಬೈಲ್‌ನಲ್ಲಿ ಉಳಿಸಿಕೋ.

ಶನಿವಾರ ಬೆಳಿಗ್ಗೆಯ ಬಸ್ಸಿಗೆ ಹೊರಟು ಬರುತ್ತೇನೆ. ವೈದ್ಯರ ಬಳಿ ನಾನೂ ಒಳಗೆ ಬರಬೇಕೋ, ಹೊರಗಿನ ಬೆಂಚಿನಲ್ಲಿ ಕೂತಿರಬೇಕೋ ನೀನೇ ಹೇಳು. ಸಂಜೆ ನಿಮ್ಮ ಬೀದಿಯಲ್ಲಿ ಭಜನೆಯಿದ್ದರೆ ಹೋಗೋಣ, ಬೇಡವೆನಿಸಿದರೆ ಮನೆಯಲ್ಲೇ ಇರೋಣ. ಅತ್ತಿಗೆಗೆ ಹೇಳು, ಅಡುಗೆಗೆಂದು ಏನೂ ತೊಂದರೆ ತೆಗೆದುಕೊಳ್ಳುವುದು ಬೇಡ, ಅನ್ನ ಸಾರು ಇದ್ದರೆ ಸಾಕು.

ಇಂತಿ,
ನಿನ್ನ ಗೆಳೆಯ