ಹಿರಿಯರಿಗೆ ಕಾರೇ ಬೇಕೆಂದಿಲ್ಲ

ಮಾನ್ಯ ಸಂಪಾದಕರೇ,

ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋದ ಹಿರಿಯರು ಕಾರು ಓಡಿಸಲಾಗದೆ ಶನಿವಾರ ಯಾವಾಗ ಬರುತ್ತದೋ ಎಂದು ಕಾಯುತ್ತಾ ಕೂರಬೇಕಾಗುತ್ತದೆ ಎಂದು ಓದುಗರೊಬ್ಬರು ಈ ಅಂಕಣದಲ್ಲಿ ಬರೆದಿದ್ದರು. ಅವರು ಹೋದ ಊರಿನ ಮಟ್ಟಿಗೆ ಅದು ನಿಜವಿರಬಹುದು. ಲಂಡನ್ನಿನ ಮಟ್ಟಿಗೆ ನಾನು ಒಪ್ಪಲಾರೆ.

ನನಗೀಗ 71 ವರ್ಷ. ಮೈಸೂರಿನಲ್ಲಿ ಇಪ್ಪತ್ತೆಂಟು ವರ್ಷ ಕಾರು ಓಡಿಸಿದವನು. 2024ರಲ್ಲಿ ಲಂಡನ್ನಿನ ಹ್ಯಾರೋ ಎಂಬಲ್ಲಿರುವ ಮಗಳ ಮನೆಗೆ ಹೋದಾಗ ಅಳಿಯಂದಿರು ಕಾರಿನ ಕೀಲಿ ಮುಂದಿಟ್ಟರು; ನಮ್ಮ ಲೈಸೆನ್ಸ್ ಅಲ್ಲಿ ಒಂದು ವರ್ಷದವರೆಗೆ ನಡೆಯುತ್ತದೆ. ಆದರೆ ಎದುರಿನ ದೀಪಕ್ಕೆ ಕಣ್ಣು ಕೋರೈಸುವ ವಯಸ್ಸಿನಲ್ಲಿ ಪರದೇಶದ ರಸ್ತೆಯ ಉಸಾಬರಿ ಬೇಡವೆನಿಸಿತು. ಕೀಲಿ ಹಿಂದಿರುಗಿಸಿ 183ನೇ ನಂಬರಿನ ಬಸ್ ಹತ್ತಿದೆ.

ಅಲ್ಲಿ ಕಂಡಕ್ಟರ್ ಇಲ್ಲ, ನಗದೂ ನಡೆಯುವುದಿಲ್ಲ. ಚಾಲಕನ ಪಕ್ಕದ ಹಳದಿ ಯಂತ್ರಕ್ಕೆ ಕಾರ್ಡ್ ತಾಗಿಸಿದರೆ ನಾನು ಹೋದಾಗ 1.75 ಪೌಂಡ್ ಇತ್ತು, ಒಂದು ಗಂಟೆಯೊಳಗೆ ಇನ್ನೆಷ್ಟು ಬಸ್ ಹತ್ತಿದರೂ ಮತ್ತೆ ದುಡ್ಡಿಲ್ಲ. ಅಲ್ಲಿನ ಹಿರಿಯ ನಿವಾಸಿಗಳಿಗೆ ಉಚಿತ ಪಾಸ್ ಇದೆ, ನಮ್ಮಂತೆ ಬಂದು ಹೋಗುವವರಿಗಿಲ್ಲ. ಪೌಂಡನ್ನು ರೂಪಾಯಿಗೆ ಗುಣಿಸುತ್ತಾ ನಿಂತರೆ ನಿಲ್ದಾಣದಲ್ಲೇ ಉಳಿಯಬೇಕಾದೀತು.

ದರಕ್ಕಿಂತ ನನಗೆ ಹಿಡಿಸಿದ್ದು ಬಸ್ಸಿನ ಬಾಗಿಲು. ನಿಂತ ಕೂಡಲೇ ಆ ಬದಿ ಉಸ್ಸೆಂದು ಕೆಳಗಿಳಿಯುತ್ತದೆ, ದಸರಾ ಆನೆ ಮಂಡಿಯೂರಿದಂತೆ. ಮೆಟ್ಟಿಲೇ ಇಲ್ಲ, ಫುಟ್‌ಪಾತಿನಿಂದ ನೇರ ಒಳಕ್ಕೆ ಕಾಲಿಡಬಹುದು. ಮುಂದಿನ ನಿಲ್ದಾಣದ ಹೆಸರನ್ನು ಬಸ್ಸೇ ಕೂಗಿ ಹೇಳುತ್ತದೆ. ಮೊದಲ ದಿನ ಮೈಸೂರಿನ ಅಭ್ಯಾಸದಂತೆ ಒಂದು ನಿಲ್ದಾಣ ಮೊದಲೇ ಎದ್ದು ಬಾಗಿಲ ಬಳಿ ಓಲಾಡುತ್ತಾ ನಿಂತಿದ್ದೆ. ತರಕಾರಿಯ ಗಾಲಿಚೀಲ ಹಿಡಿದಿದ್ದ ಮುದುಕಿಯೊಬ್ಬರು ಬಸ್ ಪೂರ್ತಿ ನಿಲ್ಲುವವರೆಗೂ ಕುಳಿತೇ ಇದ್ದು, ನಿಧಾನವಾಗಿ ಎದ್ದು ನನಗಿಂತ ನೆಟ್ಟಗೆ ಇಳಿದುಹೋದರು.

ಮೂರನೆಯ ವಾರ, ಮಗಳು ಬೇಡವೆಂದರೂ, ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆ ನೋಡಲು ಒಬ್ಬನೇ ಹೊರಟೆ. 2015ರ ನವೆಂಬರ್‌ನಲ್ಲಿ ಅನಾವರಣಗೊಂಡದ್ದು. ಹ್ಯಾರೋದಿಂದ ರೈಲು; ಫಿಂಚ್ಲಿ ರೋಡಿನಲ್ಲಿ ಇಳಿದು ಅದೇ ಪ್ಲಾಟ್‌ಫಾರಂನ ಎದುರು ಬದಿಗೆ ಬಂದು ಇನ್ನೊಂದು ರೈಲು; ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಲಿಫ್ಟ್. ಅಲ್ಲಿಂದ ಸೇತುವೆ ದಾಟಿ ಹೊಳೆಯ ಪಕ್ಕದಲ್ಲೇ ನಡೆದೆ. ಬಸವಣ್ಣನವರ ಮುಂದೆ ನಿಂತು ಮಗಳಿಗೆ ಫೋನ್ ಮಾಡಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, ‘ಅಪ್ಪಾ, ನಿಮ್ಮನ್ನು ಯಾರು ಕರೆದುಕೊಂಡು ಹೋದರು?’

ಹೊರಡುವ ಹಿರಿಯರಿಗೆ ಒಂದೇ ಮಾತು: ಮೊದಲ ವಾರ ಮಕ್ಕಳ ಜೊತೆ ಒಂದೇ ದಾರಿಯಲ್ಲಿ ಎರಡು ಸಲ ಓಡಾಡಿ, ಮೂರನೆಯ ಸಲ ಒಬ್ಬರೇ ಹೋಗಿ. ರೈಲಿನಲ್ಲಿ ಮಾತ್ರ ಹೊರಬರುವಾಗಲೂ ಕಾರ್ಡ್ ತಾಗಿಸಬೇಕು, ಮರೆತರೆ ಹೆಚ್ಚಿನ ದರ ಕಟ್ಟಬೇಕಾಗುತ್ತದೆ. ನಾನು ಒಮ್ಮೆ ಮರೆತಿದ್ದೆ; ಮನೆಯಲ್ಲಿ ಹೇಳಲಿಲ್ಲ.

ಊರಿಗೆ ಬಂದವನೇ ಕಾರು ಮಾರಿದೆ. ಈಗ ಕುವೆಂಪುನಗರದಿಂದ ದೇವರಾಜ ಮಾರುಕಟ್ಟೆಗೆ ಬಸ್ಸಿನಲ್ಲೇ ಹೋಗಿಬರುತ್ತೇನೆ. ಆದರೆ ನಾನು ಹತ್ತುವ ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲೆತ್ತರಕ್ಕಿದೆ, ಅದೂ ಬಸ್ ನಿಲ್ಲುವುದು ಫುಟ್‌ಪಾತಿನಿಂದ ಮಾರು ದೂರ, ನಡುರಸ್ತೆಯಲ್ಲಿ. ಹೊಸ ಬಸ್ಸುಗಳು ಬರುವಾಗ ಬರಲಿ. ಇರುವ ಬಸ್ಸನ್ನು ಅಂಚಿಗೆ ತಂದು ನಿಲ್ಲಿಸುವುದಕ್ಕೆ ಯಾವ ಅನುದಾನವೂ ಬೇಕಿಲ್ಲ. ನಿಲ್ದಾಣದಲ್ಲೊಂದು ಬೆಂಚನ್ನೂ ಕೇಳಿದ್ದೇನೆ. ಸದ್ಯಕ್ಕೆ ಮಡಚುವ ಸ್ಟೂಲೊಂದನ್ನು ತರಕಾರಿ ಚೀಲದಲ್ಲಿ ಇಟ್ಟುಕೊಂಡೇ ಹೊರಡುತ್ತೇನೆ.

– ನಿವೃತ್ತ ಬ್ಯಾಂಕ್ ನೌಕರ, ಕುವೆಂಪುನಗರ, ಮೈಸೂರು