ಒಂದು ತಳಿಗೆ ಒಂದು ಗುಂಟೆ: ಬೀಜದ ಗದ್ದೆಗೆ ದೇಣಿಗೆ ಕೋರಿ

ಆತ್ಮೀಯರೇ,

ರತ್ನಚೂಡಿ, ರಾಜಮುಡಿ, ಗಂಧಸಾಲೆ, ನೆರೆಗುಳಿ. ನಮ್ಮ ಬೀಜ ಬ್ಯಾಂಕಿನ ಡ್ರಮ್ಮುಗಳ ಮೇಲೆ ಬರೆದಿರುವ ನಾಟಿ ಭತ್ತದ ತಳಿಗಳ ಹೆಸರುಗಳಿವು. ಡ್ರಮ್ಮಿನಲ್ಲಿ ಭತ್ತ ಇದೆ ಎಂದ ಮಾತ್ರಕ್ಕೆ ತಳಿ ಉಳಿಯಿತು ಎಂದಲ್ಲ. ಮಲೆನಾಡಿನ ಮಳೆಗಾಲದ ಥಂಡಿಗೆ ಬೀಜ ತೇವ ಎಳೆದುಕೊಳ್ಳುತ್ತದೆ. ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ ಮೊಳೆಯುವ ಶಕ್ತಿ ಕುಸಿದುಹೋಗಿರುತ್ತದೆ. ಆದ್ದರಿಂದ ಪ್ರತಿ ತಳಿಯನ್ನೂ ವರ್ಷ ವರ್ಷ ಗದ್ದೆಗೆ ಇಳಿಸುತ್ತೇವೆ. ಈ ಮುಂಗಾರಿನಲ್ಲಿ ಆ ಖರ್ಚಿಗೆ ನಿಮ್ಮ ಕೈಜೋಡಿಕೆ ಬೇಕಾಗಿದೆ.

ಒಂದು ತಳಿಗೆ ಒಂದು ಗುಂಟೆ ಜಾಗ. 25 ಸೆಂ.ಮೀ. ಅಂತರದಲ್ಲಿ ಒಂಟಿ ಸಸಿ ನೆಟ್ಟರೆ ಸುಮಾರು 1,600 ಬುಡ ಕೂರುತ್ತವೆ. ಇಷ್ಟೇಕೆ, ಹತ್ತು ಒಳ್ಳೆಯ ತೆನೆ ಕಿತ್ತಿಟ್ಟರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ನಾಟಿ ತಳಿಯೊಳಗೇ ನಾಲ್ಕು ದಿನ ಮುಂಚೆ ಹೊಡೆ ಒಡೆದು ತೆನೆ ಹೊರಹಾಕುವ ಗಿಡ, ರೋಗ ತಾಳುವ ಗಿಡ, ನೀರು ಕಡಿಮೆಯಾದರೂ ಕಾಳು ಕಟ್ಟುವ ಗಿಡ ಬೆರೆತಿರುತ್ತವೆ. ಹತ್ತೇ ತೆನೆಯಿಂದ ಬೀಜ ಮಾಡಿದರೆ ಹೆಸರು ಉಳಿಯುತ್ತದೆ, ಗುಣ ಉದುರಿಹೋಗುತ್ತದೆ.

ಹೆಚ್ಚು ಆಳು ಬೇಕಾಗುವುದು ಬೆರಕೆ, ಅಂದರೆ ತಾಕಿನಲ್ಲಿ ಸೇರಿಕೊಂಡ ಬೇರೆ ತಳಿಯ ಗಿಡ, ಕೀಳುವುದಕ್ಕೆ. ಭತ್ತದ ಹೂವು ತನ್ನೊಳಗೇ ಪರಾಗ ಕಟ್ಟಿಕೊಳ್ಳುವುದರಿಂದ ತಾಕುಗಳ ನಡುವೆ 3 ಮೀಟರ್ ಅಂತರ ಬಿಟ್ಟರೆ ಸಾಕು. ಬೆರಕೆ ಆಗುವುದು ಬೇರೆ ಕಡೆ: ಕಣದಲ್ಲಿ, ಟಾರ್ಪಾಲಿನ ಮಡಿಕೆಯಲ್ಲಿ, ಚೀಲದ ಹೊಲಿಗೆಯಲ್ಲಿ, ಕಳೆದ ವರ್ಷ ಉದುರಿ ತಾನಾಗಿ ಹುಟ್ಟಿದ ಗಿಡದಲ್ಲಿ. ಮೂರು ಬಾರಿ ಸಾಲು ಸಾಲಾಗಿ ನಡೆದು ನೋಡುತ್ತೇವೆ. ತೆಂಡೆ (ಬುಡದಿಂದ ಬರುವ ಪಕ್ಕದ ಕವಲು) ಒಡೆಯುವಾಗ ಬುಡದ ಬಣ್ಣ ನೋಡಬೇಕು. ಹಸಿರು ಬುಡಗಳ ನಡುವೆ ಒಂದು ನೇರಳೆ ಬುಡ ಕಂಡರೆ ಅದು ಹೊರಗಿನದು. ಹೂ ಬಿಡುವಾಗ ಎತ್ತರ ಮತ್ತು ಕಾಳಿನ ತುದಿಯ ಮೀಸೆ, ಬಲಿತಾಗ ಕಾಳಿನ ಆಕಾರ. ತೆನೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಬೇರು ಸಮೇತ ಕೀಳಬೇಕು. ಮೂರು ಸಸಿ ಒಟ್ಟಿಗೆ ನೆಟ್ಟ ಬುಡದಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ; ಒಂಟಿ ಸಸಿಯ ಹಟ ಅದಕ್ಕೇ.

ಕೊಯ್ಲಾದ ಮೇಲೆ ಎಳೆ ಬಿಸಿಲಿನಲ್ಲಿ ಚಾಪೆಯ ಮೇಲೆ ಒಣಗಿಸುತ್ತೇವೆ. ನಡು ಮಧ್ಯಾಹ್ನದ ಸಿಮೆಂಟ್ ಕಣದ ಕಾವಿಗೆ ಕಾಳಿನ ಜೀವ ಹೋಗುತ್ತದೆ. ತೇವಾಂಶ ಶೇಕಡಾ 12ಕ್ಕೆ ಇಳಿಯಬೇಕು. ಅಲ್ಲಿಂದ ಮುಂದೆ ಶೇಕಡಾ 1ರಷ್ಟು ಇಳಿದರೂ ಬೀಜದ ಆಯಸ್ಸು ಹೆಚ್ಚುಕಡಿಮೆ ಇಮ್ಮಡಿ. ಡ್ರಮ್ಮಿನ ಬಾಯಿಮಟ್ಟ ತುಂಬಿ ಗಾಳಿಯಾಡದಂತೆ ಮುಚ್ಚುತ್ತೇವೆ, ನಡುವೆ ಹುಳು ಬಾರದಿರಲೆಂದು ಒಣಗಿದ ಲಕ್ಕಿ ಸೊಪ್ಪು. ಮೇ ತಿಂಗಳಲ್ಲಿ 100 ಕಾಳು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಣಿಸುತ್ತೇವೆ. 80ಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ರೈತರಿಗೆ ಹೋಗುವುದಿಲ್ಲ.

ಇಷ್ಟೆಲ್ಲ ಏಕೆ? ಒಡಿಶಾದ ಹಳೆಯ ತಳಿಯೊಂದರಿಂದ ಆಯ್ದ ಎಫ್‌ಆರ್ 13ಎ ಭತ್ತ ನೆರೆಯಲ್ಲಿ ಮುಳುಗಿದರೂ ಕೊಳೆಯದೆ ಉಳಿಯುತ್ತಿತ್ತು. ಆ ಒಂದು ಗುಣವನ್ನು ಹೆಚ್ಚು ಇಳುವರಿಯ ಸ್ವರ್ಣ ತಳಿಗೆ ಸೇರಿಸಿ 2009ರಲ್ಲಿ ಸ್ವರ್ಣ-ಸಬ್1 ಬಂತು. ಹಳೆಯ ಬೀಜವನ್ನು ಯಾರೂ ಕಾದಿಡದಿದ್ದರೆ ಸೇರಿಸಲು ಏನೂ ಇರುತ್ತಿರಲಿಲ್ಲ. ನಮ್ಮಲ್ಲಿ ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಗಜನಿಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಬೆಳೆಯುವ ಕಗ್ಗ ಭತ್ತ ಆ ಉಪ್ಪನ್ನು ತಾಳುತ್ತದೆ. ಕಗ್ಗದ ಬೀಜವನ್ನು ಮಾತ್ರ ಸಿಹಿನೀರಿನ ಗದ್ದೆಯಲ್ಲಿ ಮಾಡಬಾರದು. ಉಪ್ಪಿನ ಪರೀಕ್ಷೆ ತಪ್ಪಿದರೆ ತಾಳದ ಗಿಡವೂ ಬೀಜ ಕೊಡುತ್ತದೆ. ಅದನ್ನು ಗಜನಿಯ ರೈತರ ಜೊತೆ ಅಲ್ಲಿಯೇ ಬೆಳೆಸಬೇಕು.

ಒಂದು ತಳಿಯ ಒಂದು ವರ್ಷದ ಖರ್ಚಿಗೆ ₹3,000 ಕೋರುತ್ತೇವೆ. ಅದರಲ್ಲಿ ಹೆಚ್ಚಿನದು ನಾಟಿ, ಬೆರಕೆ ಕೀಳುವುದು, ಕೈಯಲ್ಲಿ ಬಡಿಯುವುದರ ಕೂಲಿಗೇ ಹೋಗುತ್ತದೆ; ಉಳಿದದ್ದು ಡ್ರಮ್ಮು, ಚೀಟಿ, ಸಾಗಣೆಗೆ. ಪೈರು ಚೆನ್ನಾಗಿ ಬಂದರೆ ಗುಂಟೆಗೆ 30 ಕೆ.ಜಿ. ಬೀಜ. 5 ಕೆ.ಜಿ. ಬ್ಯಾಂಕಿಗೆ, ತಲಾ 5 ಕೆ.ಜಿ.ಯಂತೆ ಐವರು ರೈತರಿಗೆ. ಒಂಟಿ ಸಸಿ ನಾಟಿಗೆ ಅಷ್ಟರಲ್ಲಿ ಒಂದು ಎಕರೆ ಆಗುತ್ತದೆ. ಬೆಳೆದವರು ಮರುವರ್ಷ 10 ಕೆ.ಜಿ. ಹಿಂದಿರುಗಿಸುತ್ತಾರೆ. ಅರ್ಧ ಮೊತ್ತ, ಒಂದು ದಿನದ ಕೂಲಿ, ಎಷ್ಟು ಕೊಟ್ಟರೂ ಸ್ವೀಕಾರ. ರಸೀದಿಯ ಮೇಲೆ ನಿಮ್ಮ ಪಾಲಿನ ತಳಿಯ ಹೆಸರು ಬರೆಯುತ್ತೇವೆ.

ಹಣದಷ್ಟೇ ಬೇಕಾದದ್ದು ಇನ್ನೊಂದಿದೆ. ನಿಮ್ಮ ಊರಿನ ಹಳೆಯ ಮನೆಗಳ ಅಟ್ಟದಲ್ಲಿ ಹೆಸರಿರುವ ಭತ್ತ ಸಿಕ್ಕರೆ 1 ಕೆ.ಜಿ. ತನ್ನಿ. ಜೊತೆಗೆ ಎಷ್ಟು ದಿನದ ಬೆಳೆ, ಯಾವ ಗದ್ದೆಯದು, ಅನ್ನಕ್ಕೋ ಅವಲಕ್ಕಿಗೋ, ಬೀಜ ಕೊಟ್ಟವರು ಯಾರು ಎಂದು ಒಂದು ಚೀಟಿ ಇರಲಿ.

ಜೂನ್ ಮೊದಲ ವಾರ ಸಸಿಮಡಿ ಹಾಕುತ್ತೇವೆ. ಮೇ ಕೊನೆಯೊಳಗೆ ತಲುಪಿದ ದೇಣಿಗೆ ಈ ವರ್ಷದ ಗದ್ದೆಗೇ ಸೇರುತ್ತದೆ.

ಬೀಜ ಬ್ಯಾಂಕಿನ ಟ್ರಸ್ಟಿಗಳು